ಭಾಗ್ಯದ್ವೀಪಗಳು ಯಾರಿಗೆ ಭಾಗ್ಯ?

ನಮ್ಮ ಶಾಲೆಯ ಭೂಗೋಳ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನೆ ತಪ್ಪದೆ ಬರುವದುಂಟು. ಅಟ್ಲಾಂಟಿಕ್ ಮಹಾಸಾಗರದ ಪಟವನ್ನು ಗೋಡೆಗೆ ತೂಗಹಾಕಿ, ಆಫ್ರಿಕದ ವಾಯವ್ಯ ತೀರದ ಬಳಿಯಲ್ಲಿರುವ ಕ್ಯಾನರಿ ದ್ವೀಪಗಳನ್ನು ಕೋಲಿನಿಂದ ತೋರಿಸಿದೊಡನೆ, ಯಾವಳಾದರೊಬ್ಬ ಬಾಲಿಕೆ ಎದ್ದುನಿಂತು, ಅವು ನಮ್ಮ ಕೆನರಾಕ್ಕೆ ಏನಾಗಬೇಕೆಂದು ಕೇಳುವಳು. ಏನೂ ಆಗಬೇಕಾದುದಿಲ್ಲ. ಕೆನರಾ ಎಂಬದು ಕನ್ನಡ ನಾಡಿನ ಹೆಸರನ್ನು ಪೋರ್ಚುಗೀಸರು ತಮ್ಮ ನಾಲಗೆಗೆ ಒಗ್ಗಿಸಿಕೊಂಡ ರೂಪ. ಕ್ಯಾನರಿ ಎಂಬದಾದರೋ ನಾಯಿಗೆ ಲ್ಯಾಟಿನ್ ಭಾಷೆಯಲ್ಲಿರುವ ಶಬ್ದದಿಂದ ಹುಟ್ಟಿದುದು. ಆ ದ್ವೀಪಗಳಲ್ಲೊಂದರಲ್ಲಿ ದೊಡ್ಡ ದೊಡ್ಡ ನಾಯಿಗಳಿದ್ದವೆಂದು ರೋಮಿನ ಪಂಡಿತನಾದ ಪ್ಲಿನಿಯು ಬರೆದಿಟ್ಟಿದ್ದಾನೆ. ಹಳದಿ ಬಣ್ಣದ ಹಾಡುವ ಹಕ್ಕಿಗೂ ಆ ದ್ವೀಪಗಳಿಂದಲೇ ಹೆಸರು ಬಂತು. ಹೀಗೆ ನಾಯಿಯ ಹೆಸರು ಹಕ್ಕಿಗೆ ಹೋಯಿತೆಂದಾಗ ತರಗತಿಯೆಲ್ಲ ನಗುವದು.

ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಕುಳಿತಾಗ ನಮಗೆ ಆ ದ್ವೀಪಗಳೇ ನೆನಪಿಗೆ ಬಂದವು. ಯಾತಕ್ಕೆಂದರೆ, ಪಶ್ಚಿಮ ದೇಶಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಚಳಿಗಾಲದ ರಜೆಯಲ್ಲಿ ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗುತ್ತಿದ್ದಾರೆ. ಅಲ್ಲಿಂದ ಶಾಲೆಗೆ ಚಿತ್ರಗಳನ್ನು ಕಳುಹಿಸುತ್ತಾರೆ. ಆ ಪ್ರೀತಿಗೆ ನಾವು ಋಣಿಗಳು. ಆದರೆ ಆ ಚಿತ್ರಗಳಲ್ಲಿ ಬಿಸಿಲೂ ಮರಳೂ ಹೋಟೆಲಿನ ಈಜುಕೊಳವೂ ಕಾಣುತ್ತವೆಯೇ ಹೊರತು, ದ್ವೀಪದವರು ಯಾರೂ ಕಾಣುವದಿಲ್ಲ. ಇದನ್ನು ದೂರೆಂದು ತಿಳಿಯಬೇಡಿರಿ. ಪ್ರವಾಸಮಾಡುವದು ಒಳ್ಳೆಯದು, ಹೆಣ್ಣುಮಕ್ಕಳು ಪ್ರವಾಸಮಾಡುವದು ಇನ್ನೂ ಒಳ್ಳೆಯದು. ಆದರೆ ತಾನು ಕಾಲಿಡುವ ನೆಲದಲ್ಲಿ ಯಾರು ಬದುಕಿದರು, ಯಾರು ಅಳಿದರು, ಈಗ ಯಾರು ನೀರು ಹೊತ್ತು ಹಾಸಿಗೆ ಹಾಸುತ್ತಾರೆ ಎಂಬದನ್ನು ತಿಳಿಯದೆ ಹೋಗಿಬರುವದು ನಮ್ಮ ಶಾಲೆಯಲ್ಲಿ ಕಲಿತವರಿಗೆ ತಕ್ಕದ್ದಲ್ಲವೆಂಬದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವೆವು.

ಮೊದಲು ಸೃಷ್ಟಿಯ ಸೊಬಗನ್ನೇ ಹೇಳೋಣ. ಸ್ಪೇನ್ ದೇಶಕ್ಕೆ ಸೇರಿದ ಈ ದ್ವೀಪಗಳು ಉತ್ತರ ಅಕ್ಷಾಂಶ 28 ಡಿಗ್ರಿಯ ಆಸುಪಾಸಿನಲ್ಲಿವೆ. ಜನವಸತಿಯುಳ್ಳವು ಎಂಟು: ಟೆನೆರಿಫೆ, ಗ್ರಾನ್ ಕನಾರಿಯ, ಲಾನ್ಸರೋಟೆ, ಫುಯೆರ್ತೆವೆಂತುರ, ಲಾ ಪಾಲ್ಮ, ಲಾ ಗೊಮೇರ, ಎಲ್ ಹಿಯೆರ್ರೊ ಮತ್ತು ಪುಟ್ಟದಾದ ಲಾ ಗ್ರಾಸಿಯೋಸ. ಎಲ್ಲವೂ ಅಗ್ನಿಪರ್ವತಗಳು ಕಡಲ ತಳದಿಂದ ಎತ್ತಿ ಕಟ್ಟಿದವು. ಟೆನೆರಿಫೆಯ ತೈದೆ ಶಿಖರವು 3,715 ಮೀಟರು ಎತ್ತರವಿದ್ದು ಸ್ಪೇನಿನ ಪರ್ವತಗಳಿಗೆಲ್ಲ ಹಿರಿಯದು. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತವು ಸಾಗರದ ತೇವವನ್ನು ಹೊತ್ತು ತಂದು ಬೆಟ್ಟದ ಉತ್ತರದ ಇಳಿಜಾರಿಗೆ ತಾಗಿಸುವದು. ಆದರೆ ಮೇಲಿನ ಗಾಳಿಯು ಬೆಚ್ಚಗೂ ಒಣಕಲಾಗಿಯೂ ಇರುವದರಿಂದ ಮೋಡವು ಮೇಲೇರಲಾರದೆ ಬೆಟ್ಟದ ನಡುವಿನಲ್ಲಿಯೇ ಹಾಸಿಕೊಳ್ಳುವದು. ಶಿಖರದಿಂದ ನೋಡುವವರಿಗೆ ಕೆಳಗೆ ಮೋಡದ ಕಡಲು, ಅದರ ಕೆಳಗೆ ನೀರಿನ ಕಡಲು. ನಮ್ಮ ಪಶ್ಚಿಮಘಟ್ಟವು ನೈಋತ್ಯ ಮಾರುತವನ್ನು ತಡೆದು ಮಳೆ ಸುರಿಸುವದನ್ನು ಕಂಡ ಮಕ್ಕಳಿಗೆ ಈ ಪಾಠವು ಬೇಗನೆ ತಿಳಿಯುವದು.

ಆ ಮೋಡದ ಪಟ್ಟಿಯಲ್ಲಿ ಲಾರೆಲ್ ಕಾಡುಗಳಿವೆ. ನಮ್ಮ ದಾಲ್ಚಿನ್ನಿ ಮರದ ಕುಟುಂಬಕ್ಕೆ ಸೇರಿದ ಈ ಮರಗಳು ಲಕ್ಷಾಂತರ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರದ ಸುತ್ತಲೂ ಹಬ್ಬಿದ್ದವು. ಅಲ್ಲಿ ಹವೆಯು ಒಣಗಿ ತಣ್ಣಗಾದಾಗ ಅವು ಅಳಿದವು. ಈ ದ್ವೀಪಗಳಂಥ ಕೆಲವೇ ಆಶ್ರಯಗಳಲ್ಲಿ ಉಳಿದವು. ಲಾ ಗೊಮೇರದ ಗರಹೊನಾಯ್ ಎಂಬ ಇಂಥ ಕಾಡನ್ನು 1986ರಲ್ಲಿ ವಿಶ್ವದ ಪರಂಪರೆಯ ಪಟ್ಟಿಗೆ ಸೇರಿಸಿದರು. ಎಲೆಗಳು ಮಂಜನ್ನು ಸೋಸಿ ಹನಿಹನಿಯಾಗಿ ನೆಲಕ್ಕೆ ಬಿಡುವದರಿಂದ ಊಟೆಗಳು ಬತ್ತದೆ ಉಳಿಯುವವು. ಎಲ್ ಹಿಯೆರ್ರೊ ದ್ವೀಪದಲ್ಲಿ ಗರೊಯೆ ಎಂಬ ಒಂದೇ ಮರವು ಹೀಗೆ ಮಂಜಿನಿಂದ ನೀರಿಳಿಸಿ ಜನರನ್ನು ಸಲಹುತ್ತಿತ್ತಂತೆ. 1610ರ ಬಿರುಗಾಳಿಗೆ ಅದು ಉರುಳಿತು. ಅದೇ ಸ್ಥಳದಲ್ಲಿ 1949ರಲ್ಲಿ ಅದೇ ಜಾತಿಯ ಸಸಿಯನ್ನು ನೆಟ್ಟರು. ಅದು ಈಗ ಮರವಾಗಿ ಮಂಜನ್ನು ಹಿಡಿಯುತ್ತಿದೆ. ಮರ ನೆಡುವ ದಿನದಂದು ಭಾಷಣಕ್ಕಿಂತ ಈ ಒಂದು ಸಂಗತಿಯೇ ಸಾಕೆಂದು ನಮಗೆ ತೋರುತ್ತದೆ.

ಪ್ರಾಚೀನರು ಇವುಗಳನ್ನು ಭಾಗ್ಯದ್ವೀಪಗಳೆಂದು ಕರೆದರು. ಲೋಕದ ಪಶ್ಚಿಮದ ಅಂಚು ಇದೇ ಎಂದೆಣಿಸಿ ಟಾಲೆಮಿಯು ತನ್ನ ರೇಖಾಂಶಗಳನ್ನು ಇಲ್ಲಿಂದಲೇ ಎಣಿಸಿದನು. 1634ರಲ್ಲಿ ಫ್ರಾನ್ಸಿನ ಅರಸನಾದ ಹದಿಮೂರನೆಯ ಲೂಯಿಯು ಎಲ್ ಹಿಯೆರ್ರೊ ದ್ವೀಪದ ಮೇಲೆ ಹಾದುಹೋಗುವ ರೇಖೆಯನ್ನೇ ಮೂಲರೇಖೆಯೆಂದು ಗೊತ್ತುಮಾಡಿದನು. 1884ರಲ್ಲಿ ಗ್ರೀನಿಚ್‌ಗೆ ಆ ಪದವಿ ಸಿಕ್ಕುವ ತನಕ ಯೂರೋಪಿನ ಅನೇಕ ಪಟಗಳು ಇದನ್ನೇ ಅನುಸರಿಸಿದವು. 1492ರ ಸೆಪ್ಟೆಂಬರ್ 6ರಂದು ಕೊಲಂಬಸನು ಲಾ ಗೊಮೇರದಲ್ಲಿ ಲಂಗರು ಎತ್ತಿ ಅಜ್ಞಾತ ಸಾಗರಕ್ಕೆ ಹೊರಟನು. 1799ರಲ್ಲಿ ಹುಂಬೋಲ್ಟ್ ಎಂಬ ಜರ್ಮನ್ ವಿಜ್ಞಾನಿಯು ತೈದೆಯನ್ನೇರಿ, ಎತ್ತರವು ಹೆಚ್ಚಿದಂತೆ ಸಸ್ಯಗಳು ಹೇಗೆ ಬದಲಾಗುವವೆಂಬದನ್ನು ಕಂಡನು. ಚಾರ್ಲ್ಸ್ ಡಾರ್ವಿನನು ಅದೇ ಆಸೆಯಿಂದ 1832ರಲ್ಲಿ ಬಂದರೂ, ಕಾಲರಾ ರೋಗದ ಭಯದಿಂದ ಅಲ್ಲಿಯ ಅಧಿಕಾರಿಗಳು ಹಡಗಿನವರನ್ನು ಇಳಿಯಗೊಡಲಿಲ್ಲ. ಇವೆಲ್ಲವೂ ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುವ ಕಥೆಗಳು.

ಸುಲಭವಾಗಿ ದೊರೆಯದ ಕಥೆಯೊಂದಿದೆ. ಕೊಲಂಬಸನಿಗಿಂತ ಬಹುಕಾಲ ಮುಂಚೆಯೇ ಈ ದ್ವೀಪಗಳಲ್ಲಿ ಜನರಿದ್ದರು. ಉತ್ತರ ಆಫ್ರಿಕದ ಬರ್ಬರ್ ಜನಾಂಗದಿಂದ ಬಂದ ಅವರು ಲೋಹವನ್ನರಿಯದೆ, ಆಡುಗಳನ್ನು ಮೇಯಿಸಿ, ಜವೆಗೋದಿಯನ್ನು ಹುರಿದು ಬೀಸಿ ಹಿಟ್ಟುಮಾಡಿ, ಗುಹೆಗಳಲ್ಲಿಯೂ ಕಲ್ಲುಮನೆಗಳಲ್ಲಿಯೂ ವಾಸಿಸುತ್ತಿದ್ದರು. ಟೆನೆರಿಫೆಯವರಿಗೆ ಗ್ವಾಂಚೆಯರೆಂದು ಹೆಸರು. ವಾಡಿಕೆಯಲ್ಲಿ ಉಳಿದ ದ್ವೀಪದವರನ್ನೂ ಹಾಗೆಯೇ ಕರೆಯುವರು. 1402ರಲ್ಲಿ ನಾರ್ಮಂಡಿಯ ಸರದಾರನಾದ ಬೆತಾಂಕೂರನು ಲಾನ್ಸರೋಟೆಗೆ ಇಳಿದುದು ಮೊದಲ್ಗೊಂಡು, 1496ರಲ್ಲಿ ಟೆನೆರಿಫೆಯು ಸ್ಪೇನಿನವರ ವಶವಾಗುವ ವರೆಗೆ ಯುದ್ಧವು ನಡೆಯಿತು. ಕತ್ತಿಗೆ ಕೆಲವರು ಬಿದ್ದರು, ಹೊಸ ರೋಗಗಳಿಗೆ ಅನೇಕರು ಬಿದ್ದರು, ಉಳಿದವರಲ್ಲಿ ಬಹುಮಂದಿಯನ್ನು ಹಿಡಿದು ಪರದೇಶದ ಸಂತೆಗಳಲ್ಲಿ ಗುಲಾಮರಾಗಿ ಮಾರಿದರು. ಆಮೇಲೆ ಅದೇ ನೆಲದಲ್ಲಿ ಕಬ್ಬನ್ನು ನೆಟ್ಟು, ದುಡಿಯಲಿಕ್ಕೆ ಆಫ್ರಿಕದಿಂದ ಬೇರೆ ಗುಲಾಮರನ್ನು ತಂದರು.

ಈ ಪಾಠವನ್ನು ಹೇಳುತ್ತಿರುವಾಗ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು, "ಟೀಚರ್, ಅವರನ್ನು ಹಿಡಿದುಕೊಂಡು ಹೋದವರ ಹಡಗಿನ ಹಾಯಿಯ ಮೇಲೆ ಶಿಲುಬೆಯ ಗುರುತು ಇತ್ತಲ್ಲವೇ?" ಎಂದು ಕೇಳಿದಳು. ತರಗತಿಯು ಮೌನವಾಯಿತು. ಮಿಶನ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ನಾವು ಏನು ಹೇಳುವೆವೋ ಎಂದು ಎಲ್ಲರೂ ನೋಡುತ್ತಿದ್ದರು. ಗಂಟೆ ಹೊಡೆಯಲಿಕ್ಕೆ ಇನ್ನೂ ಸಮಯವಿತ್ತು. ಬೇರೆ ಮಾತನ್ನೆತ್ತುವ ಯೋಚನೆಯೂ ಒಂದು ಕ್ಷಣ ಬಂತೆಂದು ಒಪ್ಪಿಕೊಳ್ಳುವೆವು. ಆದರೆ, "ಹೌದು, ಇತ್ತು," ಎಂದೆವು.

ನಮ್ಮ ಉತ್ತರವು ಅಷ್ಟಕ್ಕೇ ಮುಗಿಯಲಿಲ್ಲ. 1435ರಲ್ಲಿ ನಾಲ್ಕನೆಯ ಯೂಜೀನ್ ಎಂಬ ಪೋಪರು ಆಜ್ಞಾಪತ್ರವನ್ನು ಹೊರಡಿಸಿ, ಗುಲಾಮರಾಗಿ ಹಿಡಿಯಲ್ಪಟ್ಟ ಕ್ಯಾನರಿ ನಿವಾಸಿಗಳನ್ನು 15 ದಿನಗಳೊಳಗಾಗಿ ಬಿಡುಗಡೆ ಮಾಡಬೇಕು, ಮಾಡದವರು ಸಭೆಯಿಂದ ಬಹಿಷ್ಕೃತರಾಗುವರು ಎಂದು ವಿಧಿಸಿದರು. ಲಾ ಗೊಮೇರದವರು 1488ರಲ್ಲಿ ದಂಗೆಯೆದ್ದುದಕ್ಕಾಗಿ ಅವರ ಹೆಂಗಸರನ್ನೂ ಮಕ್ಕಳನ್ನೂ ಮಾರಿದಾಗ, ದ್ವೀಪಗಳ ಬಿಷಪರು ಸ್ಪೇನಿನ ಅರಸರ ಮುಂದೆ ದೂರಿತ್ತು ಅವರ ಬಿಡುಗಡೆಗಾಗಿ ವಾದಿಸಿದರು. ಹೀಗೆ ಕಟ್ಟಿದವರೂ ಕ್ರೈಸ್ತರು, ಬಿಚ್ಚಿರೆಂದು ಕೂಗಿದವರೂ ಕ್ರೈಸ್ತರು. ಕೂಗಿದವರ ಮಾತನ್ನು ಲಾಭದಾಸೆಯು ಕೇಳಗೊಡಲಿಲ್ಲ, ವ್ಯಾಪಾರವು ನಿಲ್ಲಲಿಲ್ಲ. ಕರ್ತನ ಹೆಸರನ್ನು ಹೇಳಿಕೊಂಡ ಮಾತ್ರಕ್ಕೆ ಕೈಗಳು ಶುದ್ಧವಾಗುವದಿಲ್ಲವೆಂಬದನ್ನು ಈ ಶಾಲೆಯಲ್ಲಿ ಕಲಿಸದಿದ್ದರೆ ಇನ್ನೆಲ್ಲಿ ಕಲಿಸುವದು? ತನ್ನ ಮನೆಯ ತಪ್ಪನ್ನು ಮುಚ್ಚಿಟ್ಟು ನೆರೆಮನೆಯ ತಪ್ಪನ್ನು ಬಿಚ್ಚಿಡುವದು ವಿದ್ಯೆಯಲ್ಲ. ಇಂಥ ಸಂಗತಿಗಳನ್ನು ಬಾಲಿಕೆಯರಿಗೆ ಹೇಳಿದರೆ ವಿಶ್ವಾಸವು ಸಡಿಲವಾಗುವದೆಂದು ಕೆಲವು ಪೋಷಕರು ನಮ್ಮೊಡನೆ ಹೇಳಿದ್ದಾರೆ. ಮುಚ್ಚಿಟ್ಟುದು ಮುಂದೆ ಬೇರೆಯವರ ಬಾಯಿಂದ ತಿಳಿದಾಗಲೇ ಅದು ಸಡಿಲವಾಗುವದೆಂಬದು ನಮ್ಮ ಅನುಭವ.

ಹೆಣ್ಣುಮಕ್ಕಳ ಶಾಲೆಯಲ್ಲಿ ಹೇಳಲೇಬೇಕಾದ ಇನ್ನೊಂದು ಸಂಗತಿಯುಂಟು. ಗ್ವಾಂಚೆಯರು ಪೂರ್ತಿಯಾಗಿ ನಿರ್ನಾಮವಾದರೆಂದು ಹಿಂದೆ ಬರೆಯುತ್ತಿದ್ದರು. ಈಗಿನ ದ್ವೀಪವಾಸಿಗಳ ರಕ್ತವನ್ನು ಪರೀಕ್ಷಿಸಿ ವಂಶಲಕ್ಷಣಗಳನ್ನು ಹುಡುಕಿದ ವಿಜ್ಞಾನಿಗಳು ಬೇರೆ ರೀತಿಯಾಗಿ ಹೇಳುತ್ತಾರೆ. ತಂದೆಯಿಂದ ಮಗನಿಗೆ ಬರುವ ಲಕ್ಷಣಗಳಲ್ಲಿ ಮೂಲನಿವಾಸಿಗಳ ಗುರುತು ಬಹಳ ಸ್ವಲ್ಪ. ತಾಯಿಯಿಂದ ಮಕ್ಕಳಿಗೆ ಬರುವ ಲಕ್ಷಣಗಳಲ್ಲಿ ಅದು ಬಹಳ ಹೆಚ್ಚು. ಎಂದರೆ ಗಂಡಸರು ಅಳಿದರು. ಹೆಂಗಸರು ಗೆದ್ದವರ ಮನೆಗಳಲ್ಲಿ ಉಳಿದರು, ಹೆತ್ತರು, ಸಾಕಿದರು. ಅವರು ಯಾವ ದುಃಖದಿಂದ ಉಳಿದರೆಂಬದನ್ನು ಯಾರೂ ಬರೆದಿಡಲಿಲ್ಲ. ಹುರಿದ ಹಿಟ್ಟನ್ನು ಗೋಫಿಯೊ ಎಂಬ ಹಳೆಯ ಹೆಸರಿನಿಂದಲೇ ಕರೆದು ಇಂದಿಗೂ ಆ ದ್ವೀಪಗಳ ಮನೆಗಳಲ್ಲಿ ಉಣ್ಣುವರು. ರಾಜ್ಯವು ಹೋಯಿತು, ಅಡಿಗೆಯ ಮನೆಯ ಮಾತು ಉಳಿಯಿತು.

ಆದರೆ ಭಾಷೆಯು ಉಳಿಯಲಿಲ್ಲ. ಊರುಗಳ ಹೆಸರುಗಳೂ ಕೆಲವು ಬಿಡಿ ಶಬ್ದಗಳೂ ಅಲ್ಲದೆ ಗ್ವಾಂಚೆ ಭಾಷೆಯಲ್ಲಿ ಇಂದು ಹೆಚ್ಚೇನೂ ದೊರೆಯುವದಿಲ್ಲ. ಅದರ ವ್ಯಾಕರಣವನ್ನು ಸಕಾಲದಲ್ಲಿ ಯಾರೂ ಬರೆಯಲಿಲ್ಲ. ಟೆನೆರಿಫೆಯ ಲಾ ಲಗೂನ ಪಟ್ಟಣದಲ್ಲಿ 1534ರಲ್ಲಿ ಹುಟ್ಟಿದ ಆಂಚಿಯೇತ ಎಂಬ ಮಿಶನೆರಿಯು ಬ್ರಜಿಲ್ ದೇಶಕ್ಕೆ ಹೋಗಿ, ಅಲ್ಲಿಯ ಕಡಲತೀರದ ಮೂಲನಿವಾಸಿಗಳ ಭಾಷೆಯನ್ನು ಕಲಿತು ವ್ಯಾಕರಣವನ್ನು ಬರೆದನು. ಅದು 1595ರಲ್ಲಿ ಅಚ್ಚಾಯಿತು. ತಾನು ಹುಟ್ಟಿದ ದ್ವೀಪದ ಹಳೆಯ ಭಾಷೆಗೆ ಆ ಭಾಗ್ಯವು ಬರಲಿಲ್ಲ. ನಮ್ಮ ಕನ್ನಡವು ಸಾವಿರಾರು ಶಾಸನಗಳೂ ಮಹಾಕವಿಗಳೂ ಉಳ್ಳ ಭಾಷೆ. ಅದು ಯಾರ ಕೃಪೆಯಿಂದಲೂ ಬದುಕಿದುದಲ್ಲ. ಆದರೂ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ನಮ್ಮ ಪುಸ್ತಕಭಂಡಾರದಲ್ಲಿ ತೆರೆಯುವಾಗಲೆಲ್ಲ, ಪರದೇಶದಿಂದ ಬಂದವನು ಕಲಿಸುವದಕ್ಕೆ ಮುಂಚೆ ಕಲಿತರೆ ಎಷ್ಟು ಒಳ್ಳೆಯದಾಗುವದೆಂದು ನಾವು ನೆನೆಯುತ್ತೇವೆ. ಪ್ರವಾಸಿಗೂ ಇದೇ ನೀತಿ ಸಲ್ಲುವದು.

ಶಾಲೆಯವರಾದ ನಮಗೆ ಹೆಮ್ಮೆ ತರುವ ಸಂಗತಿಯೊಂದು ಲಾ ಗೊಮೇರದಲ್ಲಿದೆ. ಆಳವಾದ ಕಮರಿಗಳುಳ್ಳ ಆ ದ್ವೀಪದಲ್ಲಿ ಒಂದು ಬೆಟ್ಟದವನು ಎದುರು ಬೆಟ್ಟದವನೊಡನೆ ಶಿಳ್ಳೆಯಿಂದ ಮಾತಾಡುವನು. ಇದು ಬರಿಯ ಸಂಜ್ಞೆಯಲ್ಲ. ಆಡುವ ಮಾತಿನ ಸ್ವರವ್ಯಂಜನಗಳನ್ನೇ ಶಿಳ್ಳೆಯ ಏರಿಳಿತಕ್ಕೆ ತಿರುಗಿಸಿದ ಪೂರ್ಣ ಭಾಷೆ. ರಸ್ತೆಗಳೂ ದೂರವಾಣಿಯೂ ಬಂದಮೇಲೆ ಅದು ಅಳಿಯುವ ಹಾಗಾಯಿತು. ಆಗ ಹಿರಿಯರು ಒತ್ತಾಯಮಾಡಿ 1999ರಿಂದ ಅದನ್ನು ದ್ವೀಪದ ಶಾಲೆಗಳಲ್ಲಿ ಕಡ್ಡಾಯದ ಪಾಠವಾಗಿ ಇಡಿಸಿದರು. 2009ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಅಳಿಯಲಿದ್ದುದನ್ನು ಉಳಿಸಿದುದು ಹಳ್ಳಿಯ ಶಾಲೆಯ ಹಲಗೆ ಮತ್ತು ಉಪಾಧ್ಯಾಯರ ತಾಳ್ಮೆ. ದೂರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನು ಆಡುವರೋ ಎಂದು ಇಲ್ಲಿ ಒಂದು ಮಾತು ಕೇಳಿದರೆ ನೀವು ಬೇಸರಪಡಲಾರಿರಿ.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ದ್ವೀಪಗಳ ಜನಸಂಖ್ಯೆಯು ಸುಮಾರು 22 ಲಕ್ಷ. 2024ರಲ್ಲಿ ಹೊರದೇಶಗಳಿಂದ ಬಂದ ಪ್ರವಾಸಿಗಳೇ ಒಂದೂವರೆ ಕೋಟಿಯನ್ನು ಮೀರಿದರು. ದ್ವೀಪಗಳ ಆದಾಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಇವರಿಂದ ಬರುವದೆಂಬದು ನಿಜ. ಇದನ್ನು ಹಗುರವಾಗಿ ನೋಡತಕ್ಕದ್ದಲ್ಲ. ಪ್ರವಾಸಿಗಳು ಬಾರದಿದ್ದ ಕಾಲದಲ್ಲಿ ದ್ವೀಪದವರು ಬಡತನ ತಾಳಲಾರದೆ ಕ್ಯೂಬಕ್ಕೂ ವೆನಿಜುವೆಲಕ್ಕೂ ವಲಸೆಹೋಗುತ್ತಿದ್ದರು. ಆದರೆ ಮನೆಗಳೆಲ್ಲ ಪ್ರವಾಸಿಗಳ ಬಿಡಾರಗಳಾಗಿ ಬಾಡಿಗೆಯು ಏರಿದುದರಿಂದ, ಹೋಟೆಲಿನಲ್ಲಿ ಹಾಸಿಗೆ ಹಾಸುವವಳಿಗೆ ತನ್ನ ಊರಿನಲ್ಲಿಯೇ ಹಾಸಿಗೆ ಹಾಸಲಿಕ್ಕೆ ಸ್ಥಳವಿಲ್ಲದಂತಾಗಿದೆ. ಮಳೆ ಕಡಿಮೆಯಾದ ಪೂರ್ವದ ದ್ವೀಪಗಳಲ್ಲಿ ಸಮುದ್ರದ ಉಪ್ಪುನೀರನ್ನು ಯಂತ್ರಗಳಿಂದ ಸಿಹಿಮಾಡಿ ಕುಡಿಯುವರು; ಅಂಥಲ್ಲಿ ಈಜುಕೊಳಗಳನ್ನು ತುಂಬಬೇಕಾಗಿದೆ. 2024ರ ಏಪ್ರಿಲ್ 20ರಂದು ಹತ್ತಾರು ಸಾವಿರ ದ್ವೀಪವಾಸಿಗಳು ಬೀದಿಗಿಳಿದು, ತಮ್ಮ ದ್ವೀಪಗಳಿಗೂ ಒಂದು ಮಿತಿಯುಂಟೆಂದು ಕೂಗಿದರು. ಪ್ರವಾಸಿಗಳು ಬರಬಾರದೆಂದಲ್ಲ, ಮಿತಿ ಬೇಕೆಂದು.

ಮಿತಿಯನ್ನಿಟ್ಟರೆ ಹೊಟ್ಟೆಗೆ ಕಲ್ಲು ಬೀಳುವದೆಂಬ ವಾದಕ್ಕೆ ಲಾನ್ಸರೋಟೆಯೇ ಉತ್ತರವಾಗಿದೆ. 1730ರಿಂದ 1736ರ ವರೆಗೆ ಅಗ್ನಿಪರ್ವತವು ಉಕ್ಕಿ ಆ ದ್ವೀಪದ ಒಳ್ಳೆಯ ಹೊಲಗಳನ್ನು ಹೂಳಿತು. ರೈತರು ಎದೆಗೆಡದೆ ಕರಿಯ ಬೂದಿಯಲ್ಲಿ ಗುಣಿಗಳನ್ನು ತೋಡಿ, ಗಾಳಿಗೆ ಅಡ್ಡವಾಗಿ ಕಲ್ಲಿನ ಅರ್ಧವೃತ್ತವನ್ನು ಕಟ್ಟಿ, ಗುಣಿಗೊಂದರಂತೆ ದ್ರಾಕ್ಷಿಯ ಬಳ್ಳಿಯನ್ನು ನೆಟ್ಟರು. ಬೂದಿಯು ರಾತ್ರಿಯ ತೇವವನ್ನು ಹಿಡಿದಿಡುವದು. ಅಲ್ಲಿಯೇ ಹುಟ್ಟಿದ ಸೇಸರ್ ಮನ್ರಿಕೆ ಎಂಬ ಕಲಾವಿದನು, ಎತ್ತರದ ಕಟ್ಟಡಗಳನ್ನು ಕಟ್ಟಬಾರದು, ಮನೆಗಳು ಬಿಳುಪಾಗಿಯೂ ತಗ್ಗಾಗಿಯೂ ಇರಬೇಕು ಎಂದು ತನ್ನ ಜನರ ಬೆನ್ನು ಹತ್ತಿದನು. 1992ರಲ್ಲಿ ಅವನು ತೀರಿಹೋದನು. ಆದರೆ ಇಂದಿಗೂ ಜನರು ಆ ದ್ವೀಪಕ್ಕೆ ಹೋಗುವದು ಅವನು ಉಳಿಸಿದುದನ್ನು ನೋಡಲಿಕ್ಕೇ.

ಪರರ ಸಂಕಟವನ್ನು ನೋಟವಾಗಿ ಮಾಡುವದಂತೂ ಸಲ್ಲದು. 2021ರ ಸೆಪ್ಟೆಂಬರ್ 19ರಂದು ಲಾ ಪಾಲ್ಮದಲ್ಲಿ ಬೆಟ್ಟವು ಬಾಯ್ದೆರೆದು ಡಿಸೆಂಬರ್ 13ರ ತನಕ ಬೆಂಕಿಯ ಹೊಳೆಯನ್ನು ಹರಿಸಿತು. ಸಾವಿರಾರು ಜನರು ಮನೆ ತೋಟಗಳನ್ನು ಕಳಕೊಂಡರು. ತೋದೋಕೆ ಎಂಬ ಊರಿನ ದೇವಾಲಯದ ಗಂಟೆಗೋಪುರವು ಜನರ ಕಣ್ಣೆದುರಿಗೇ ಕುಸಿಯಿತು. ಅಂಥ ಸಮಯದಲ್ಲಿಯೇ ಸ್ಪೇನಿನ ಪ್ರವಾಸ ಖಾತೆಯ ಮಂತ್ರಿಣಿಯು ಈ ನೋಟವು ಪ್ರವಾಸಿಗಳನ್ನು ಸೆಳೆಯಬಹುದೆಂದು ಆಡಿ ಎಲ್ಲರಿಂದ ನಿಂದೆಗೊಳಗಾದರು. ಮನೆ ಸುಟ್ಟವನ ಅಂಗಳದಲ್ಲಿ ಚಳಿ ಕಾಯಿಸುವದೆಂದು ನಮ್ಮವರು ಹೇಳುವದು ಇಂಥದನ್ನೇ.

ಮನಸ್ಸಿಗೆ ಇದಕ್ಕಿಂತಲೂ ನಾಟುವ ಸಂಗತಿಯೊಂದಿದೆ. ಪ್ರವಾಸಿಗಳು ವಿಮಾನದಿಂದ ಇಳಿಯುವ ಅದೇ ದ್ವೀಪಗಳಿಗೆ, ಆಫ್ರಿಕದ ಬಡವರು ಮರದ ಮೀನುದೋಣಿಗಳಲ್ಲಿ ತೇಲುತ್ತಾ ಬರುತ್ತಾರೆ. 2024ರಲ್ಲಿ ಹೀಗೆ ಬಂದು ದಡ ಸೇರಿದವರು 46,000ಕ್ಕೂ ಹೆಚ್ಚು. ದಡ ಸೇರದೆ ಕಡಲುಪಾಲಾದವರೂ ಅನೇಕರು. ಅವರಲ್ಲಿ ಬಹುಮಂದಿ ಇಳಿದುದು ಸುಮಾರು 11,000 ಜನರಿರುವ ಎಲ್ ಹಿಯೆರ್ರೊ ದ್ವೀಪದಲ್ಲಿ. ಒಂದು ಕಾಲದಲ್ಲಿ ಲೋಕದ ಅಂಚೆನಿಸಿದ್ದ ಆ ದ್ವೀಪದ ಜನರು ನೀರು, ಕಂಬಳಿ, ಬಿಸಿ ಆಹಾರವನ್ನು ತಂದು ಅವರನ್ನು ಎದುರುಗೊಂಡರು. 1940ರ ದಶಕದ ಕೊನೆಯಲ್ಲಿ ಈ ದ್ವೀಪಗಳವರೇ ಸಣ್ಣ ಹಾಯಿಹಡಗುಗಳಲ್ಲಿ ಗುಟ್ಟಾಗಿ ವೆನಿಜುವೆಲಕ್ಕೆ ಓಡಿಹೋದುದನ್ನು ಅವರು ಮರೆತಿಲ್ಲ. ದಾರಿಯಲ್ಲಿ ಬಿದ್ದವನನ್ನು ಕಂಡು ಹತ್ತಿರಕ್ಕೆ ಬಂದ ಸಮಾರ್ಯದವನ ಸಾಮ್ಯವನ್ನು ನಾವು ಭಾನುವಾರದ ಶಾಲೆಯಲ್ಲಿ ಕಲಿಸುತ್ತೇವೆ. ಅಲ್ಲಿ ಅದು ಬಂದರುಕಟ್ಟೆಯ ಮೇಲೆ ನಡೆಯಿತು.

ಹಾಗಾದರೆ ಹೋಗಬಾರದೋ? ಹೋಗಿರಿ. ಹೋಗುವ ಮುಂಚೆ ಒಂದು ಪುಸ್ತಕವನ್ನಾದರೂ ಓದಿರಿ. ಅಲ್ಲಿಯ ಭಾಷೆಯಲ್ಲಿ ವಂದನೆಯನ್ನೂ ಉಪಕಾರಸ್ಮರಣೆಯನ್ನೂ ಕಲಿಯಿರಿ. ದೊಡ್ಡ ಹೋಟೆಲಿನಲ್ಲಿಯೇ ಉಂಡು ಮಲಗದೆ ಊರಿನವರ ಅಂಗಡಿಯಲ್ಲಿ ಹಣವನ್ನು ಕೊಡಿರಿ. ತೈದೆಯ ಕಲ್ಲನ್ನು ನೆನಪಿಗೆಂದು ಚೀಲದಲ್ಲಿಡಬೇಡಿರಿ, ಅದು ನಿಷಿದ್ಧ. ಶಿಖರದ ತುದಿಗೇರಲು ಅನುಮತಿ ಬೇಕೆಂದರೆ ಗೊಣಗಬೇಡಿರಿ. ಲಾಸ್ ಪಾಲ್ಮಾಸ್ ಪಟ್ಟಣದಲ್ಲಿ 1879ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯದಲ್ಲಿ ಮೂಲನಿವಾಸಿಗಳ ಮಡಕೆಗಳೂ ಶವಗಳೂ ಇವೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡುಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿರಿ. ಪೇಟೆಯಲ್ಲಿ ಸಿಂಧೀ ವರ್ತಕರ ಅಂಗಡಿಗಳು ಕಾಣಸಿಕ್ಕಿದರೆ ಆಶ್ಚರ್ಯಪಡಬೇಡಿರಿ. 19ನೆಯ ಶತಮಾನದ ಕೊನೆಯಿಂದಲೂ ನಮ್ಮ ದೇಶದವರು ಅಲ್ಲಿ ಬಾಳುತ್ತಿದ್ದಾರೆ.

ಪೋಷಕರಿಗೂ ಒಂದು ಮಾತು. ಹೆಣ್ಣುಮಗಳನ್ನು ದೂರ ಕಳುಹಿಸಲು ನೀವು ಅಂಜುವದು ನಮಗೆ ಗೊತ್ತು. ವಿಹಾರಕ್ಕೆ ಹಣವೇಕೆಂದು ಕೇಳುವವರೂ ಇದ್ದೀರಿ. ಎಲ್ಲರಿಗೂ ಅಟ್ಲಾಂಟಿಕ್ ಸಾಗರದ ದಾರಿ ಸಿಕ್ಕುವದಿಲ್ಲ, ಸಿಕ್ಕಬೇಕೆಂದೂ ಇಲ್ಲ. ನಿಮ್ಮ ಮಗಳು ನೆರೆಯ ಊರಿನ ಸಮುದ್ರದಂಡೆಗೆ ಹೋದರೂ, ಅಲ್ಲಿ ಮೀನು ಮಾರುವವಳ ಹೆಸರನ್ನು ಕೇಳಿ ತಿಳಿದು ಬಂದರೆ ಅವಳು ಪ್ರವಾಸ ಮಾಡಿದಂತಾಯಿತು. ಅದನ್ನು ಕಲಿಯದವಳು ಎಂಟು ದ್ವೀಪಗಳನ್ನು ಸುತ್ತಿ ಬಂದರೂ ಮನೆಯಲ್ಲಿಯೇ ಕುಳಿತ ಹಾಗೆ.

ಅಂದು ಪ್ರಶ್ನೆ ಕೇಳಿದ ಬಾಲಿಕೆಯು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳು ಮುಂದೆ ಆ ದ್ವೀಪಗಳನ್ನು ನೋಡುವಳೋ ಇಲ್ಲವೋ ತಿಳಿಯದು. ಆದರೆ ಯಾವ ದಡದಲ್ಲಿ ಇಳಿದರೂ ಮೊದಲು ಅಲ್ಲಿಯವರನ್ನು ಹುಡುಕುವಳೆಂಬ ನಂಬಿಕೆ ನಮಗುಂಟು. ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ರಜೆಯಲ್ಲಿ ನೀವು ಕಳುಹಿಸುವ ಚಿತ್ರದಲ್ಲಿ ನಿಮ್ಮ ಪಕ್ಕಕ್ಕೆ ದ್ವೀಪದ ಒಬ್ಬ ಅಜ್ಜಿಯು ನಿಂತಿರಲಿ. ಅವಳ ಹೆಸರನ್ನು ಹಿಂಬದಿಯಲ್ಲಿ ಬರೆಯಿರಿ. ಅದನ್ನು ಭೂಗೋಳದ ಪಟದ ಬಳಿಯಲ್ಲಿಯೇ ತೂಗಹಾಕುವೆವು.